ಒಂದು ‘ನಾಟ್’, ಎರಡು ಊರು

ಕೊಪ್ಪಳದ ಬಸ್ ನಿಲ್ದಾಣದಲ್ಲಿ ನಿಂತ ಒಂದು ಬಸ್ಸಿನ ಮುಂದುಗಡೆ ಇಂಗ್ಲಿಷಿನ ಫಲಕ ಇದೆ ಅಂತ ಇಟ್ಟುಕೊಳ್ಳಿ: ‘ದಿಸ್ ಬಸ್ ಡಸ್ ನಾಟ್ ಗೋ ಟು ಕುಷ್ಟಗಿ ಅಂಡ್ ಯಲಬುರ್ಗಾ.’ ಇಂಥ ಫಲಕ ಯಾರೂ ಹಾಕಿಲ್ಲ, ಹಾಕದೇ ಇದ್ದದ್ದೇ ಪುಣ್ಯ. ಹಾಕಿದ್ದರೆ ಕುಷ್ಟಗಿಯವರು ಒಂದು ಸಲ ಓದಿ ಇಳಿಯುತ್ತಿದ್ದರು, ಯಲಬುರ್ಗಾದವರು ಎರಡು ಸಲ ಓದಿ ಇಳಿಯುತ್ತಿದ್ದರು. ಇಂಗ್ಲಿಷನ್ನು ಒಂದು ಚೂರು ಜಾಸ್ತಿಯೇ ಓದಿಕೊಂಡ ಗಂಗಾವತಿಯ ಪುಣ್ಯಾತ್ಮನೊಬ್ಬ ಮಾತ್ರ ಸೀಟು ಬಿಡದೆ ಕೂತು ಕಂಡಕ್ಟರನ ಜೊತೆ ವಾದಕ್ಕೆ ನಿಲ್ಲುತ್ತಿದ್ದ.

“ಎರಡಕ್ಕೂ ಕೂಡಿ ಹೋಗಂಗಿಲ್ಲ ಅಂತ ಬರ್ದೀರಿ. ಒಂದಕ್ಕ ಹೋಗಂಗಿಲ್ಲ ಅಂತ ಎಲ್ಲಿ ಬರ್ದೀರಿ? ಕುಷ್ಟಗಿಗೆ ಒಂದು ಟಿಕೀಟ್ ಹರೀರಿ.”

“ಯಣ್ಣಾ, ಕುಷ್ಟಗಿಗೂ ಹೋಗಂಗಿಲ್ಲ, ಯಲಬುರ್ಗಾಕ್ಕೂ ಹೋಗಂಗಿಲ್ಲ. ಇಳೀರಿ ಮೊದಲ.”

“ನೀವು ಈಗ ಹೇಳಿದ್ದು ಕನ್ನಡ. ನಾ ಓದಿದ್ದು ಇಂಗ್ಲಿಷ್.”

ತಮಾಷೆಯೆಂದರೆ ಇಬ್ಬರ ಮಾತಿನಲ್ಲೂ ಹುರುಳಿದೆ. ಇಂಗ್ಲಿಷಿನ ಆ ‘ನಾಟ್’ ಇದೆಯಲ್ಲ, ಅದು ಇಬ್ಬರು ಮಲಗಿದಲ್ಲಿ ಹೊದಿಸಿದ ಒಂದೇ ಕೌದಿ ಇದ್ದಂತೆ. ಒಬ್ಬೊಬ್ಬರನ್ನೂ ಪೂರ್ತಿ ಮುಚ್ಚಿದೆಯೋ, ಇಬ್ಬರನ್ನೂ ಜೋಡಿಯಾಗಿ ಮಾತ್ರ ಮುಚ್ಚಿದೆಯೋ ಅಂತ ದೂರದಿಂದ ನೋಡಿದವರಿಗೆ ತಿಳಿಯುವುದಿಲ್ಲ. ನಡುವೆ ‘ಅಂಡ್’ ಅನ್ನೋ ಮಹಾಶಯ ಬಂದು ಮಲಗಿದರಂತೂ ಮುಗಿದೇ ಹೋಯಿತು. ಇಂಗ್ಲಿಷಿನವರ ಬಳಿ ‘ನೈದರ್-ನಾರ್’ ಅನ್ನುವ ಒಳ್ಳೇ ಜೋಡೆತ್ತು ಇದೆ. ಆದರೆ ಅದನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯ ಬಿಟ್ಟಸ್ಥಳ ತುಂಬಲು ಮಾತ್ರ ಹೂಡುತ್ತಾರೆ. ಕಾಯ್ದೆ, ಕರಾರು, ಬೋರ್ಡು ಬರೆಯುವಾಗ ಕೊಟ್ಟಿಗೆಯಲ್ಲೇ ಬಿಟ್ಟು ಬರುತ್ತಾರೆ.

ಈ ಜಗಳಕ್ಕೆ ಲೆಕ್ಕದ ರೂಪ ಕೊಟ್ಟ ಇಂಗ್ಲಿಷ್ ಪಂಡಿತ ಹುಟ್ಟಿದ್ದು ಲಂಡನ್ನಿನಲ್ಲಿ ಅಲ್ಲ, ಮದುರೆಯಲ್ಲಿ. ಆಗಸ್ಟಸ್ ಡಿ ಮಾರ್ಗನ್, 1806ರ ಜೂನ್ 27. ಕೂಸಿದ್ದಾಗಲೇ ಒಂದು ಕಣ್ಣು ಹೋಯಿತು. ತಿಂಗಳುಗಳ ಮಗುವಾಗಿದ್ದಾಗಲೇ ಇಂಗ್ಲೆಂಡಿಗೆ ಕರೆದೊಯ್ದರು. ಉಳಿದ ಒಂದೇ ಕಣ್ಣಿನಲ್ಲಿ ಆತ ಎರಡು ಕಣ್ಣಿನವರಿಗೆ ಕಾಣದ್ದನ್ನು ಕಂಡ. ಆ ಕಾಲಕ್ಕೆ ಹೊಳೆಯಾಚೆಯ ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮದುರೆಯೂ ಅದರಲ್ಲೇ. ಹೊಳೆಯ ಈಚೆಗಿನ ನಾವು ನಿಜಾಮರ ಪಾಲಿಗೆ ಬಿದ್ದಿದ್ದೆವು. ಹಾಗಾಗಿ ಹೊಸಪೇಟೆಯವರು ಎದೆ ತಟ್ಟಿ ‘ಡಿ ಮಾರ್ಗನ್ ನಮ್ಮ ಪ್ರಾಂತ್ಯದಾವ’ ಅಂದರೆ ಕೊಪ್ಪಳದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಈ ಮನುಷ್ಯನಿಗೆ ಲೆಕ್ಕದ ಚೇಷ್ಟೆಯೂ ಇತ್ತು. ನಾನು ‘ಎಕ್ಸ್’ನ ವರ್ಗದ ಇಸವಿಯಲ್ಲಿ ‘ಎಕ್ಸ್’ ವರ್ಷದವನಾಗಿದ್ದೆ ಅನ್ನುತ್ತಿದ್ದ. 43ನ್ನು 43ರಿಂದ ಗುಣಿಸಿ, 1849 ಬರುತ್ತದೆ. ಹುಟ್ಟಿದ ಇಸವಿಯನ್ನು ಕಳೆದು ನೋಡಿ.

ಅವನ ಹೆಸರಿನ ಎರಡು ನಿಯಮಗಳನ್ನು ನಮ್ಮ ಮಕ್ಕಳು ಪಿಯುಸಿ ಮೊದಲ ವರ್ಷದ ಗಣಿತದಲ್ಲಿ, ಗಣಗಳ ಪಾಠದಲ್ಲಿ ಬಾಯಿಪಾಠ ಮಾಡುತ್ತಾರೆ. ‘ಅದೂ ಇದೂ ಎರಡೂ’ ಅನ್ನುವುದನ್ನು ಅಲ್ಲಗಳೆದರೆ, ಅದಾದರೂ ಅಲ್ಲ ಇಲ್ಲವೇ ಇದಾದರೂ ಅಲ್ಲ ಅಂತ ಆಗುತ್ತದೆ. ‘ಅದೋ ಇದೋ’ ಅನ್ನುವುದನ್ನು ಅಲ್ಲಗಳೆದರೆ, ಅದೂ ಅಲ್ಲ ಇದೂ ಅಲ್ಲ ಅಂತ ಆಗುತ್ತದೆ. ಕಂಸ ಬಿಚ್ಚಿದ ಕೂಡಲೇ ‘ಮತ್ತು’ ಹೋಗಿ ‘ಅಥವಾ’ ಆಗುತ್ತದೆ, ‘ಅಥವಾ’ ಹೋಗಿ ‘ಮತ್ತು’ ಆಗುತ್ತದೆ. ಹುಡುಗರು ಇದನ್ನು ಬರೆದು ಅಂಕ ತಗೊಂಡು, ಪರೀಕ್ಷೆ ಮುಗಿದ ಸಂಜೆಗೇ ಮರೆತುಬಿಡುತ್ತಾರೆ. ಮರೆಯದಿದ್ದವನು ವಕೀಲನಾಗುತ್ತಾನೆ.

ಡಿ ಮಾರ್ಗನ್ ಪ್ರಕಾರ ಗಂಗಾವತಿಯವನೇ ಗೆದ್ದ. ಎರಡೂ ಊರಿಗೆ ಹೋಗುವುದನ್ನು ಅಲ್ಲಗಳೆದರೂ ಒಂದು ಊರಿನ ಬಾಗಿಲು ತೆರೆದಿರಬಹುದು. ಆದರೆ ಬಸ್ಸು ಗಣಿತದ ಮೇಲೆ ಓಡುವುದಿಲ್ಲ, ಡೀಸೆಲ್ ಮೇಲೆ ಓಡುತ್ತದೆ. ‘ಶನಿವಾರ ಅಂಡ್ ಭಾನುವಾರ ನಾಟ್ ಫ್ರೀ’ ಅಂತ ಒಬ್ಬ ಇಂಗ್ಲಿಷಿನಲ್ಲಿ ಅಂದರೆ, ಆಯ್ತು ಬಿಡಿ, ಭಾನುವಾರ ಬರ್ತೀನಿ ಅಂತ ಯಾರೂ ಹೋಗಿ ಬಾಗಿಲು ಬಡಿಯುವುದಿಲ್ಲ. ಇಲ್ಲಿ ಕಂಡಕ್ಟರ್ ಗೆದ್ದ. ಲೆಕ್ಕ ಒಂದು ಹೇಳುತ್ತದೆ, ರೂಢಿ ಇನ್ನೊಂದು ಹೇಳುತ್ತದೆ. ಅರ್ಥ ಮಾಡಿಕೊಳ್ಳುವವನ ಪಾಡು ನಾಯಿಪಾಡು.

ಇದೆಲ್ಲ ಮಾಸ್ತರರ ಕಟ್ಟೆಪುರಾಣ, ಹೊಟ್ಟೆ ತುಂಬಿದವರ ಮಾತು ಅಂತ ನೀವು ಗೊಣಗಬಹುದು. ಆದರೆ ಅಮೆರಿಕದಲ್ಲಿ ಇದೇ ‘ಅಂಡ್’ ಜನರನ್ನು ಜೈಲಿಗೆ ಹಾಕುತ್ತದೆ. 2018ರಲ್ಲಿ ಅಲ್ಲಿನ ಸಂಸತ್ತು ‘ಫಸ್ಟ್ ಸ್ಟೆಪ್’ ಅನ್ನುವ ಕಾಯ್ದೆ ಮಾಡಿತು. ಮಾದಕ ವಸ್ತುಗಳ ಪ್ರಕರಣದಲ್ಲಿ ಕಡ್ಡಾಯವಾಗಿ ಕೊಡಲೇಬೇಕಾದ ಕನಿಷ್ಠ ಶಿಕ್ಷೆಗಿಂತ ಕಡಿಮೆ ಕೊಡುವ ಅಧಿಕಾರ ನ್ಯಾಯಾಧೀಶರಿಗೆ ಸಿಗುವುದು ಯಾವಾಗ ಅಂದರೆ, ಆರೋಪಿಯ ಹಿಂದಿನ ಖಾತೆಯಲ್ಲಿ ಒಂದು, ಎರಡು ‘ಅಂಡ್’ ಮೂರು ಇರದಿದ್ದಾಗ ಅಂತ ಬರೆದರು. ಮೂರೂ ಹಳೇ ಅಪರಾಧಗಳ ಲೆಕ್ಕ. ಆರೋಪಿ ಹೇಳಿದ: ನನ್ನಲ್ಲಿ ಮೂರೂ ಕೂಡಿ ಇಲ್ಲ, ಆದ್ದರಿಂದ ರಿಯಾಯಿತಿ ಕೊಡಿ. ಸರ್ಕಾರ ಹೇಳಿತು: ಒಂದಿದ್ದರೂ ರಿಯಾಯಿತಿ ಇಲ್ಲ. ಅಂದರೆ ನಮ್ಮ ಗಂಗಾವತಿಯವ ಮತ್ತು ಕಂಡಕ್ಟರ್, ಇಬ್ಬರೂ ಕರಿಕೋಟು ಹಾಕಿಕೊಂಡು ವಾಷಿಂಗ್ಟನ್ನಿಗೆ ಹೋದರು ಅಂತಲೇ ತಿಳಿಯಿರಿ. ಆ ಮೊಕದ್ದಮೆಯ ಆರೋಪಿಯ ತಲೆಯ ಮೇಲೆ ತೂಗುತ್ತಿದ್ದದ್ದು ಕನಿಷ್ಠ 15 ವರ್ಷದ ಶಿಕ್ಷೆ.

ಪಲ್ಸಿಫರ್ ಮೊಕದ್ದಮೆ ಅಂತ ಹೆಸರಾದ ಆ ವ್ಯಾಜ್ಯದಲ್ಲಿ 2024ರ ಮಾರ್ಚ್ 15ರಂದು ಅಮೆರಿಕದ ಸುಪ್ರೀಂ ಕೋರ್ಟು ಆರಕ್ಕೆ ಮೂರರ ತೀರ್ಪು ಕೊಟ್ಟಿತು. ಬಹುಮತದ ತೀರ್ಪು ಬರೆದ ಎಲೆನಾ ಕೇಗನ್ ಕಂಡಕ್ಟರನ ಪಕ್ಷ: ‘ನಾಟ್’ ಅನ್ನುವುದು ಮೂರಕ್ಕೂ ಬೇರೆಬೇರೆಯಾಗಿ ಹಂಚಿಹೋಗುತ್ತದೆ. ಭಿನ್ನಮತ ಬರೆದ ನೀಲ್ ಗೋರ್ಸಚ್ ಗಂಗಾವತಿಯವನ ಪಕ್ಷ: ‘ಅಂಡ್’ ಅಂದರೆ ಅಂಡ್, ಮೂರೂ ಕೂಡಿರಬೇಕು. ಇಂಗ್ಲಿಷನ್ನೇ ಉಂಡು, ಇಂಗ್ಲಿಷನ್ನೇ ಹೊದ್ದು ಮಲಗಿದ ಒಂಬತ್ತು ಜನ ಮಹಾನ್ ಪಂಡಿತರಿಗೆ ಇಂಗ್ಲಿಷಿನ ಮೂರು ಅಕ್ಷರದ ಪದದ ಬಗ್ಗೆ ಒಮ್ಮತ ಬರಲಿಲ್ಲ! ಇದನ್ನು ಓದಿದ ದಿನದಿಂದ ಕುಷ್ಟಗಿಯ ಹುಡುಗರಿಗೆ ‘ನಿನ್ನ ಇಂಗ್ಲಿಷ್ ಸುಮಾರೈತಿ’ ಅನ್ನುವ ಧೈರ್ಯ ನನಗಂತೂ ಉಳಿದಿಲ್ಲ.

ನಮ್ಮ ದೇಶದವರು ಈ ವಿಷಯದಲ್ಲಿ ಸ್ವಲ್ಪ ಹುಷಾರಿ. ನಮ್ಮ ಸಂವಿಧಾನದ 15ನೇ ವಿಧಿ ತೆರೆದು ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಆಧಾರದ ಮೇಲೆ ಮಾತ್ರವೇ ರಾಜ್ಯವು ಯಾವ ನಾಗರಿಕನಿಗೂ ತಾರತಮ್ಯ ಮಾಡತಕ್ಕದ್ದಲ್ಲ ಅಂತ ಹೇಳಿ ಅಲ್ಲಿಗೇ ನಿಲ್ಲಿಸಲಿಲ್ಲ. ಕೊನೆಗೆ ‘ಅಥವಾ ಇವುಗಳಲ್ಲಿ ಯಾವುದೇ ಒಂದರ’ ಅನ್ನುವ ಬಾಲ ಕಟ್ಟಿದರು. ಆ ಬಾಲ ಇರದಿದ್ದರೆ ಯಾವನೋ ಒಬ್ಬ ಚಾಲಾಕಿ ಅಧಿಕಾರಿ, ‘ನಾ ಬರೇ ಜಾತಿ ನೋಡೀನ್ರಿ, ಧರ್ಮ ನೋಡಿಲ್ಲ. ಎಲ್ಲಾ ಕೂಡಿ ನೋಡಿದ್ರ ತಪ್ಪು, ಒಂದು ನೋಡಿದ್ರ ಏನ್ ತಪ್ಪು?’ ಅಂತ ಕಡತ ಮುಚ್ಚಿಬಿಡುತ್ತಿದ್ದ. ನಾಲ್ಕು ಪದದ ಬಾಲ ಅಂಥವರ ಬಾಯಿಗೆ ಬೀಗ ಹಾಕಿತು. ನಮ್ಮ ನ್ಯಾಯಾಲಯಗಳೂ ಇದಕ್ಕೊಂದು ಸೂತ್ರ ಇಟ್ಟುಕೊಂಡಿವೆ. ಮಧ್ಯಪ್ರದೇಶ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಜಿ.ಪಿ. ಸಿಂಗ್ ಅವರು ಕಾಯ್ದೆಗಳನ್ನು ಅರ್ಥೈಸುವುದು ಹೇಗೆಂದು ಬರೆದ ಗ್ರಂಥವನ್ನು ವಕೀಲರು ಕಣ್ಣಿಗೊತ್ತಿಕೊಳ್ಳುತ್ತಾರೆ. ಅದರಲ್ಲಿ ಅವರು ಹೇಳುವುದು ಇಷ್ಟು: ‘ಇರಬೇಕು’ ಅನ್ನುವ ಷರತ್ತುಗಳ ನಡುವೆ ‘ಆರ್’ ಬಂದರೆ ಯಾವುದಾದರೂ ಒಂದಿದ್ದರೆ ಸಾಕು, ‘ಇರಬಾರದು’ ಅನ್ನುವ ಷರತ್ತುಗಳ ನಡುವೆ ‘ಆರ್’ ಬಂದರೆ ಅದನ್ನು ‘ನಾರ್’ ಅಂತ ಓದಿಕೊಳ್ಳಿ, ಒಂದೂ ಇರಬಾರದು. ಒಂದೇ ‘ಆರ್’. ಬೇಕು ಅಂದಾಗ ಒಂದು ವೇಷ, ಬ್ಯಾಡ ಅಂದಾಗ ಇನ್ನೊಂದು ವೇಷ. ಬಯಲಾಟದ ಸಾರಥಿಯೂ ಇಷ್ಟು ಬೇಗ ವೇಷ ಬದಲಿಸುವುದಿಲ್ಲ.

ಈಗ ನಮ್ಮ ಮನೆಯ ಕಡೆ ಬರೋಣ. ಕನ್ನಡದ ತಿರುಳು ಎಲ್ಲಿದೆ ಅಂತ ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ನಾಲ್ಕು ಊರು ನೆಟ್ಟು ಗಡಿ ಹಾಕಿತು: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕೊಪಣವೆಂದರೆ ನಮ್ಮ ಕೊಪ್ಪಳ. ಬೆಂಗಳೂರಿನವರು ನಮ್ಮ ಮಾತು ಕೇಳಿ ನಗುವಾಗೆಲ್ಲ ಈ ಒಂದು ಸಂಗತಿಯನ್ನು ಜೇಬಿನಿಂದ ತೆಗೆದು ತೋರಿಸುವುದು ನಮ್ಮ ಕಡೆಯ ಪದ್ಧತಿ. ಅಂಥ ತಿರುಳಿನ ನೆಲದಲ್ಲಿ ಕುಷ್ಟಗಿ-ಯಲಬುರ್ಗಾ ಜಗಳ ಹೇಗೆ ಬಗೆಹರಿಯುತ್ತದೆ? ಒಂದೊಂದು ಸ್ವರದಿಂದ! ‘ಕುಷ್ಟಗಿಗೂ ಯಲಬುರ್ಗಾಕ್ಕೂ ಬಸ್ ಇಲ್ಲ’ ಅಂದರೆ ಮನೆಗೆ ಹೋಗಿ ಮಲಗಬಹುದು, ಒಂದಕ್ಕೂ ಇಲ್ಲ. ‘ಕುಷ್ಟಗಿಗೋ ಯಲಬುರ್ಗಾಕ್ಕೋ ಬಸ್ ಇಲ್ಲಂತ’ ಅಂದರೆ ಒಂದಕ್ಕೆ ಇಲ್ಲ, ಯಾವುದಕ್ಕೆ ಅಂತ ಹೇಳುವವನಿಗೂ ಗೊತ್ತಿಲ್ಲ, ವಿಚಾರಿಸಬೇಕು. ‘ಊ’ ಬಂದರೆ ಎರಡೂ ಹೋದವು, ‘ಓ’ ಬಂದರೆ ಒಂದು ಉಳಿಯಿತು. ಇದೇ ‘ಊ’ ಪ್ರಶ್ನೆಯ ಪದಕ್ಕೆ ಅಂಟಿದರೆ ‘ಯಾರೂ ಇಲ್ಲ’, ಇದೇ ‘ಓ’ ಅಂಟಿದರೆ ‘ಯಾರೋ ಇದ್ದಾರೆ’. ಈ ಎರಡು ಸ್ವರಗಳ ಕೈಚಳಕದ ಬಗ್ಗೆ ಹೈದರಾಬಾದಿನಲ್ಲಿ ಕೂತು ಭಾಷಾವಿಜ್ಞಾನಿ ಆರ್. ಅಮೃತವಲ್ಲಿಯವರು ಪ್ರೌಢ ಪ್ರಬಂಧಗಳನ್ನೇ ಬರೆದಿದ್ದಾರೆ. ನಮ್ಮ ಅಜ್ಜಿಯರು ಅವನ್ನು ಓದದೆಯೇ ಸರಿಯಾಗಿ ಬಳಸಿಕೊಂಡು ಬಂದರು.

ಇಷ್ಟೇ ಅಲ್ಲ. ಇಂಗ್ಲಿಷಿನವರಿಗೆ ಇರುವುದು ಒಂದು ‘ನಾಟ್’. ನಮಗೆ ‘ಅಲ್ಲ’ ಬೇರೆ, ‘ಇಲ್ಲ’ ಬೇರೆ. ‘ಮಾಸ್ತರ ಅಲ್ಲ’ ಅಂದರೆ ಅವನ ಕಸುಬು ಬೇರೆ. ‘ಮಾಸ್ತರ ಇಲ್ಲ’ ಅಂದರೆ ಮಕ್ಕಳಿಗೆ ಹಬ್ಬ. ಇದರ ಮೇಲೆ ‘ಬ್ಯಾಡ’, ‘ಬಾರದು’, ‘ಆಗಂಗಿಲ್ಲ’, ‘ಒಲ್ಲೆ’. ಈ ‘ಒಲ್ಲೆ’ಯಂತೂ ಬಹಳ ಹಳೇ ಕಾಲದ್ದು. ಹಳಗನ್ನಡದಲ್ಲಿ ‘ಇಲ್ಲ’ವನ್ನು ಹೊರಗಿನಿಂದ ಸಾಲ ತರಬೇಕಾಗಿರಲಿಲ್ಲ, ಕ್ರಿಯಾಪದದ ಹೊಟ್ಟೆಯಲ್ಲೇ ನಿಷೇಧ ಇರುತ್ತಿತ್ತು. ಕೇಶಿರಾಜ ಅದಕ್ಕೆ ಸೂತ್ರ ಬರೆದ. ಆ ರೂಪಕ್ಕೆ ಕಾಲದ ಹಂಗಿಲ್ಲ. ಆದ್ದರಿಂದ ನಮ್ಮ ಕಡೆ ಹುಡುಗಿ ‘ಒಲ್ಲೆ’ ಅಂದಳೆಂದರೆ ನಿನ್ನೆ ಒಲ್ಲೆ, ಇವತ್ತು ಒಲ್ಲೆ, ಮುಂದಿನ ಸುಗ್ಗಿಗೂ ಒಲ್ಲೆ ಅಂತ ಬೀಗರಾಗಲು ಬಂದವರು ತಿಳಿದುಕೊಂಡು ಎದ್ದು ಹೋಗುವುದು ಕ್ಷೇಮ.

ಬೀಗರ ಮಾತು ಬಂತಲ್ಲ, ‘ಬಿಕಾಸ್’ ಅನ್ನುವ ಇನ್ನೊಬ್ಬ ಕೊಂಡಿಯವನ ಕಥೆಯನ್ನೂ ಹೇಳಿಬಿಡುತ್ತೇನೆ. ‘ಐ ಡಿಡ್ ನಾಟ್ ಮ್ಯಾರಿ ಹರ್ ಬಿಕಾಸ್ ಶಿ ವಾಸ್ ರಿಚ್’ ಅಂತ ಇಂಗ್ಲಿಷಿನಲ್ಲಿ ಒಬ್ಬ ಹೇಳಿದರೆ ಆ ಮದುವೆ ಆಯಿತೋ ಇಲ್ಲವೋ? ಆಕೆ ಶ್ರೀಮಂತಳು ಅನ್ನುವ ಅಂಜಿಕೆಗೆ ಬಿಟ್ಟನೋ, ಮದುವೆಯಾಗಿ ‘ದುಡ್ಡಿಗಾಗಿ ಅಲ್ಲ’ ಅಂತ ಈಗ ಸಮಜಾಯಿಷಿ ಕೊಡುತ್ತಿದ್ದಾನೋ? ಅಕ್ಷತೆ ಹಾಕಲು ಬಂದವರು ಊಟಕ್ಕೆ ಕೂರಬೇಕೋ ಚಪ್ಪಲಿ ಹುಡುಕಬೇಕೋ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಈ ಪರದಾಟ ಹೆಚ್ಚು ಹೊತ್ತು ನಡೆಯುವುದಿಲ್ಲ. “ಸಾವ್ಕಾರ್ರ ಮಗಳಂತ ನಾ ಮದುವಿ ಆಗಿಲ್ಲ” ಅಂತ ಒಬ್ಬ ಹೇಳಿ, ಎದುರಿನವರ ಹುಬ್ಬು ಮೇಲೇರಿದ್ದನ್ನು ಕಂಡ ಕೂಡಲೇ, “ಅಂದ್ರ, ನಾ ಮದುವಿ ಆಗಿದ್ದು ಸಾವ್ಕಾರ್ರ ಮಗಳಂತ ಅಲ್ಲ” ಅಂತ ತಿದ್ದಿಕೊಳ್ಳುತ್ತಾನೆ. ‘ಇಲ್ಲ’ ಕೆಡಿಸಿದ ಸಂಸಾರವನ್ನು ‘ಅಲ್ಲ’ ಉಳಿಸಿತು.

ಹಾಗಾದರೆ ನಾವು ಇಂಗ್ಲಿಷಿಗೆ ಹೋದಾಗ ಎಡವುವುದೇಕೆ? ನಮ್ಮ ‘ಊ’ವನ್ನು ಹಾಗೇ ಹೆಗಲ ಮೇಲೆ ಹೊತ್ತು ಹೋಗುತ್ತೇವೆ, ಅದಕ್ಕೆ. ‘ಇಬ್ಬರೂ ಬರಲಿಲ್ಲ’ ಅನ್ನುವುದು ನಮ್ಮಲ್ಲಿ ಸ್ಪಷ್ಟ. ಅದನ್ನು ಹುಡುಗ ‘ಬೋತ್ ಡಿಡ್ ನಾಟ್ ಕಮ್ ಸರ್’ ಅಂತ ಹೇಳುತ್ತಾನೆ. ಇಂಗ್ಲೆಂಡಿನವನ ಕಿವಿಗೆ ಅದು ‘ಇಬ್ಬರೂ ಕೂಡಿ ಬರಲಿಲ್ಲ, ಒಬ್ಬ ಬಂದಿದ್ದಾನೆ’ ಅಂತಲೂ ಕೇಳಿಸಬಹುದು. ಅವನು ಆ ಒಬ್ಬನನ್ನು ಹುಡುಕುತ್ತ ಶಾಲೆಯ ಹಿತ್ತಲೆಲ್ಲ ಸುತ್ತುತ್ತಾನೆ. ‘ಎಲ್ಲಾರೂ ಬಂದಿಲ್ರಿ’ ಅಂತ ನಮ್ಮವರು ಅಂದಾಗಲೂ ಅಷ್ಟೇ: ಯಾರೂ ಬಂದಿಲ್ಲವೋ, ಕೆಲವರು ಮಾತ್ರ ಬಂದಿದ್ದಾರೋ? ಇಲ್ಲಿ ಕೈಕೊಡುವುದು ನಮ್ಮದೇ ‘ಎಲ್ಲ’. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಅನ್ನುವ ಗಾದೆಯನ್ನು ಹಾಲು ಹಾಕುವವನ ಮುಂದೆ ಆಡಿ ನೋಡಿ. ಬೆಳ್ಳಗಿರುವ ಯಾವುದೂ ಹಾಲೇ ಅಲ್ಲ ಅಂತ ಅರ್ಥ ಮಾಡಿಕೊಂಡು ನಾಳೆಯಿಂದ ಕ್ಯಾನು ನಿಮ್ಮ ಬಾಗಿಲಿಗೆ ಬರುವುದಿಲ್ಲ.

ಇಷ್ಟು ಹೊತ್ತು ಇಂಗ್ಲಿಷಿನವರ ಕಾಲು ಎಳೆದದ್ದಾಯಿತು; ನ್ಯಾಯವಾಗಿ ನಮ್ಮ ಕಾಲನ್ನೂ ಎಳೆಯಬೇಕು. ಕನ್ನಡದಲ್ಲಿ ಎರಡು ಕೆಲಸ ಜೋಡಿಸಲು ‘ಮತ್ತು’ ಬೇಕಾಗಿಲ್ಲ. ‘ಹೋಗಿ’, ‘ಬಂದು’, ‘ತಿಂದು’ ಅಂತ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತ ಹೋಗುತ್ತೇವೆ. ಕೊನೆಯಲ್ಲಿ ಒಂದು ‘ಇಲ್ಲ’ ಅಂಟಿಸಿದರೆ ಅದು ಕೊನೆಯ ಕೆಲಸವನ್ನಷ್ಟೇ ಹೊಡೆಯಿತೋ, ಸಾಲನ್ನೆಲ್ಲ ಹೊಡೆಯಿತೋ? ‘ಅಳಿಯ ಬಂದು ಊಟ ಮಾಡಲಿಲ್ಲ.’ ಬಂದನೋ ಇಲ್ಲವೋ? ಬಂದು ಉಣ್ಣದೆ ಹೋಗಿದ್ದರೆ ಮನೆಯಲ್ಲಿ ದೊಡ್ಡ ಗದ್ದಲ. ಬಂದೇ ಇಲ್ಲದಿದ್ದರೆ ಮಾಡಿದ ಹೋಳಿಗೆ ನಮ್ಮ ಪಾಲು. ರಸ್ತೆ ಬದಿಯ ‘ಕುಡಿದು ವಾಹನ ಚಲಾಯಿಸಬೇಡಿ’ ಅನ್ನುವ ಬೋರ್ಡನ್ನು ನೀವು ನಾನು ಒಂದು ರೀತಿ ಓದುತ್ತೇವೆ. ಆಗಲೇ ಒಂದು ಸುತ್ತು ಹಾಕಿದವನು ನಡುವೆ ಒಂದು ಅಲ್ಪವಿರಾಮ ಸೇರಿಸಿಕೊಂಡು ಓದುತ್ತಾನೆ: “ಕುಡಿದು, ವಾಹನ ಚಲಾಯಿಸಬ್ಯಾಡ್ರಿ ಅಂದಾರ. ಮೊದಲನೇದು ಮಾಡೀನಿ, ಎರಡನೇದು ಮಾಡಂಗಿಲ್ಲ. ತಮ್ಮಾ, ಬೈಕ್ ನೀ ಹೊಡಿ.” ಇಂಥ ವ್ಯಾಕರಣ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿಗೆ ಒಪ್ಪಿಗೆಯೇ, ಯಾಕೆಂದರೆ ಅದು ಶಿಕ್ಷಿಸುವುದು ಕುಡಿದು ಓಡಿಸುವವನನ್ನು, ಕುಡಿದು ಹಿಂದೆ ಕೂತವನನ್ನಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ, ಮೊದಲ ಸಲಕ್ಕೇ ದಂಡ 10,000 ರೂಪಾಯಿ, ಜೈಲೂ ಆಗಬಹುದು. ಆ ತಮ್ಮ ಕುಡಿದಿರಬಾರದು, ಅಷ್ಟೇ.

ನಮ್ಮ ಕಡೆಯ ಹೋಟೆಲ್ಲಿಗೆ ಬೆಳಿಗ್ಗೆ ಸ್ವಲ್ಪ ತಡವಾಗಿ ಹೋಗಿ. “ಒಗ್ಗರಣಿ-ಮಿರ್ಚಿ ಇಲ್ರಿ” ಅನ್ನುತ್ತಾನೆ. ಪರವೂರಿನವರು ಹಸಿದುಕೊಂಡು ಎದ್ದು ಹೋಗುತ್ತಾರೆ. ಸ್ಥಳೀಕರು ಏಳುವುದಿಲ್ಲ.

“ಬರೇ ಮಿರ್ಚಿ?”

“ಅದೈತ್ರಿ. ಒಗ್ಗರಣಿ ಖಾಲಿ ಆತು.”

ಡಿ ಮಾರ್ಗನ್ ನಿಯಮವನ್ನು ಇಷ್ಟು ಬಿಸಿಬಿಸಿಯಾಗಿ, ಕರಿದು, ಪೇಪರಿನಲ್ಲಿ ಸುತ್ತಿ ಕೊಡುವವರು ಬೇರೆಲ್ಲೂ ಸಿಗುವುದಿಲ್ಲ. ಜೋಡಿ ಇಲ್ಲ ಅಂದರೆ ಒಂಟಿಯೂ ಇಲ್ಲ ಅಂತಲ್ಲ. ಗಂಗಾವತಿಯ ಅಕ್ಕಿ ವ್ಯಾಪಾರದಲ್ಲಿ ಮಾತ್ರ ಈ ತರ್ಕ ಹೂಡಬೇಡಿ. ‘ಅಕ್ಕಿಯೊಳಗ ಕಲ್ಲು, ನುಚ್ಚು ಇರಬಾರ್ದು’ ಅಂತ ಮಾತಾಗಿದ್ದರೆ, ನುಚ್ಚು ತುಂಬಿದ ಸೋನಾ ಮಸೂರಿ ಚೀಲ ತಂದಿಟ್ಟು ‘ಕಲ್ಲಿಲ್ಲಲ್ಲ ಸಾವ್ಕಾರ್ರ, ಎರಡೂ ಕೂಡಿಲ್ಲ’ ಅಂದವನ ಚೀಲ ಬಂದ ದಾರಿಗೇ ವಾಪಸು ಹೋಗುತ್ತದೆ.

ಹೋಲಿಕೆ ಹೇಳುವಾಗಿನ ‘ಇಲ್ಲ’ ಇನ್ನೂ ಮೋಸಗಾರ. ಯಲಬುರ್ಗಾ ಕಡೆಯ ಒಬ್ಬ ತಂದೆ ಬಹಳ ವಿನಯದಿಂದ ಇಂಗ್ಲಿಷ್ ಮಾಸ್ತರಿಗೆ ಕೈಮುಗಿದು, “ಸರ, ನಿಮ್ಮಂಗ ನನಗ ಇಂಗ್ಲಿಷ್ ಬರಂಗಿಲ್ರಿ” ಅಂದನೆನ್ನಿ. ಆತ ಅಂದದ್ದು ನಿಮ್ಮಷ್ಟು ಬರುವುದಿಲ್ಲ ಅಂತ. ಮಾಸ್ತರಿಗೆ ಕೇಳಿಸಿದ್ದು ನಿಮಗೆ ಹೇಗೆ ಬರುವುದಿಲ್ಲವೋ ಹಾಗೇ ನನಗೂ ಬರುವುದಿಲ್ಲ ಅಂತ. ಹೊಗಳಿಕೆಯೂ ಬೈಗುಳವೂ ಒಂದೇ ವಾಕ್ಯದಲ್ಲಿ, ಅದೂ ಕೈಮುಗಿದುಕೊಂಡು! ಇನ್ನು ನಮ್ಮ ಮಾತಿಗೊಮ್ಮೆ ಬರುವ ‘ಹೌದಿಲ್ಲೋ?’. ಹೌದು, ಇಲ್ಲ, ಓ ಮೂರನ್ನೂ ಒಂದೇ ಉಸಿರಿಗೆ ಕಟ್ಟಿ ಎದುರಿನವರ ಮೇಲೆ ಎಸೆಯುತ್ತೇವೆ. ಇದಕ್ಕೆ ಉತ್ತರ ‘ಹೂಂ’ ಒಂದೇ. ಯಾವುದಕ್ಕೆ ‘ಹೂಂ’ ಅಂತ ಕೇಳಿದವನು ಈ ಸೀಮೆಯವನಲ್ಲ.

ದೊಡ್ಡವರ ಹಣೆಬರಹ ಹೀಗಾದರೆ ಮಕ್ಕಳದು? ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಎಂಬ ಇಬ್ಬರು ವಿದ್ವಾಂಸರು ಇದನ್ನೇ ಪರೀಕ್ಷಿಸಿ 2002ರಲ್ಲಿ ‘ಕಾಗ್ನಿಶನ್’ ಪತ್ರಿಕೆಯಲ್ಲಿ ಬರೆದರು. ಅವರು ಆರಿಸಿಕೊಂಡದ್ದು ಇಂಗ್ಲಿಷ್ ಮತ್ತು ಕನ್ನಡದ ಸುಮಾರು ನಾಲ್ಕು ವರ್ಷದ ಮಕ್ಕಳನ್ನು. ಕಣ್ಣಾಮುಚ್ಚಾಲೆಯ ಉದಾಹರಣೆ ತಗೊಂಡು ಹೇಳುತ್ತೇನೆ. ಅಡಗಿದವರು ನಾಲ್ವರು, ಇಬ್ಬರು ಸಿಕ್ಕರು, ಇಬ್ಬರು ಸಿಗಲಿಲ್ಲ. ‘ಇಬ್ಬರನ್ನು ಕಂಡುಹಿಡಿಯಲಿಲ್ಲ’ ಅನ್ನುವುದು ಖರೆಯೋ ಸುಳ್ಳೋ? ದೊಡ್ಡವರು ಇಂಥ ಮಾತನ್ನು ಖರೆ ಅಂತ ಒಪ್ಪುತ್ತಾರೆ, ಸಿಗದೆ ಉಳಿದ ಇಬ್ಬರು ಇದ್ದಾರಲ್ಲ. ಮಕ್ಕಳು ಒಪ್ಪುವುದಿಲ್ಲ: ಇಬ್ಬರು ಸಿಕ್ಕಾರಲ್ಲ, ಸುಳ್ಳು! ಇಂಗ್ಲಿಷಿನಲ್ಲಿ ‘ನಾಟ್’ ಮುಂಚೆ ಬರುತ್ತದೆ, ಕನ್ನಡದಲ್ಲಿ ‘ಇಲ್ಲ’ ಕೊನೆಗೆ ಬರುತ್ತದೆ. ಆದರೂ ಎರಡೂ ಭಾಷೆಯ ಮಕ್ಕಳು ಅದೇ ಒಂದು ಅರ್ಥಕ್ಕೆ ಅಂಟಿಕೊಂಡರು. ಅಂದರೆ ಮಕ್ಕಳು ಪದ ಯಾವ ಸರದಿಯಲ್ಲಿ ಬಂತು ಅಂತ ಎಣಿಸುವುದಿಲ್ಲ, ವಾಕ್ಯದ ಒಳಕಟ್ಟನ್ನೇ ಹಿಡಿಯುತ್ತಾರೆ. ಒಂದೇ ವಾಕ್ಯಕ್ಕೆ ಎರಡು ಅರ್ಥ ಹಚ್ಚುವ ಚಾಳಿ ನಾವು ಬೆಳೆದ ಮೇಲೆ ಕಲಿತದ್ದು. ದೊಡ್ಡವರಾಗುವುದು ಅಂದರೆ ಬಹುಶಃ ಇದೇ.

ಈ ಚಾಳಿಯ ಪೆಟ್ಟು ಬೀಳುವುದು ಪರೀಕ್ಷೆ ಬರೆಯುವವರ ಬೆನ್ನಿಗೆ. 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಅದರ ಮಾಹಿತಿ ಪುಸ್ತಿಕೆಯಲ್ಲಿ ಒಂದು ಷರಾ ಇದೆ: ಅನುವಾದದಲ್ಲಿ ಗೊಂದಲ ಕಂಡರೆ ಇಂಗ್ಲಿಷ್ ರೂಪವೇ ಅಂತಿಮ. ಅಲ್ಲಿನ ಪ್ರಶ್ನೆಗಳಾದರೂ ಎಂಥವು? ‘ಹೇಳಿಕೆಯೂ ಸರಿ, ಕಾರಣವೂ ಸರಿ, ಆದರೆ ಕಾರಣವು ಹೇಳಿಕೆಗೆ ಸರಿಯಾದ ವಿವರಣೆ ಅಲ್ಲ.’ ಒಂದೇ ಸಾಲಿನಲ್ಲಿ ಜೋಡಿಸುವ ಪದ, ಅಡ್ಡ ಬರುವ ಪದ, ಅಲ್ಲಗಳೆಯುವ ಪದ, ಮೂವರೂ ಹಾಜರು. ಇಂಥಲ್ಲಿ ಸಂಶಯ ಬಂದರೆ ತೀರ್ಪು ಹೇಳುವವನು ಇಂಗ್ಲಿಷಪ್ಪ, ಮೂರು ಅಕ್ಷರದ ಪದಕ್ಕೆ ಆರಕ್ಕೆ ಮೂರರ ಜಗಳ ಆಡಿದ ಮನೆತನದ ಹಿರಿಯ! ನಮ್ಮ ರಾಜ್ಯದ ಕಥೆಯೂ ಗೊತ್ತೇ ಇದೆ. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ಅನುವಾದದ ತಪ್ಪುಗಳು ಎಷ್ಟು ಕಂಡವೆಂದರೆ, ಮುಖ್ಯಮಂತ್ರಿಗಳೇ ಮರುಪರೀಕ್ಷೆ ಘೋಷಿಸಬೇಕಾಯಿತು. ಡಿಸೆಂಬರ್ 29ರಂದು ಮತ್ತೆ ಬರೆದರು. ಮತ್ತೆ ದೂರುಗಳು ಬಂದವು. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ತಂದ ಪ್ರಶ್ನೆಯನ್ನು, ಕನ್ನಡದಲ್ಲಿ ಯೋಚಿಸುವ ಕುಷ್ಟಗಿಯ ಮಗು ಮತ್ತೆ ಇಂಗ್ಲಿಷಿಗೆ ತಿರುಗಿಸಿಕೊಂಡು ಉತ್ತರ ಹುಡುಕಬೇಕು. ಗಡಿಯಾರ ಮಾತ್ರ ಎಲ್ಲರಿಗೂ ಒಂದೇ.

ನಮ್ಮ ಸೀಮೆಗೆ ಪರಭಾಷೆಯ ‘ಇಲ್ಲ’ ಕೇಳಿಸಿಕೊಳ್ಳುವುದು ಹೊಸದಲ್ಲ. ನಿಜಾಮರ ಕಾಲದಲ್ಲಿ, 1948ರ ಸೆಪ್ಟೆಂಬರ್‌ವರೆಗೆ, ಇಲ್ಲಿನ ಕಚೇರಿಯ ಭಾಷೆ ಉರ್ದು. ಆ ಭಾಷೆಯ ಹಳೇ ಚೇಷ್ಟೆಯೊಂದಿದೆ: ‘ರೋಕೋ ಮತ್ ಜಾನೇ ದೋ’. ‘ರೋಕೋ’ ಆದಮೇಲೆ ಉಸಿರು ತಗೊಂಡರೆ ನಿಲ್ಲಿಸು, ಹೋಗಗೊಡಬೇಡ. ‘ಮತ್’ ಆದಮೇಲೆ ತಗೊಂಡರೆ ತಡೆಯಬೇಡ, ಬಿಟ್ಟುಬಿಡು. ಹುಕುಂ ಬರೆದವನು ಅಲ್ಪವಿರಾಮ ಮರೆತರೆ ಕೈದಿಯ ಪ್ರಾಣ ಓದುವವನ ಉಸಿರಿನ ಮೇಲೆ. ಇವೆಲ್ಲಕ್ಕೂ ಮುಂಚೆ ನಮ್ಮಲ್ಲಿಗೆ ಬಂದ ಪರಭಾಷೆ ಪ್ರಾಕೃತ. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಕ್ರಿಸ್ತಪೂರ್ವ ಮೂರನೇ ಶತಮಾನದ ಅಶೋಕನ ಶಾಸನವಿದೆ. ಅದರಲ್ಲೂ ಒಂದು ‘ಅಲ್ಲ’ ಇದೆ. ಧರ್ಮಕ್ಕಾಗಿ ಪಡುವ ಶ್ರಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ ಅನ್ನುತ್ತಾನೆ ದೊರೆ. ಅಲ್ಲಿಗೇ ನಿಲ್ಲಿಸಿದ್ದರೆ, ಹಾಗಾದರೆ ದೊಡ್ಡವರಿಗೆ ದಕ್ಕುತ್ತದೋ ಇಲ್ಲವೋ, ಸಣ್ಣವರ ಗತಿ ಏನು ಅಂತ ಇಲ್ಲಿನವರು ಬಂಡೆಯ ಕೆಳಗೆ ಕೂತು ಇವತ್ತಿನವರೆಗೂ ವಾದ ಮಾಡುತ್ತಿದ್ದರು. ಅವನು ನಿಲ್ಲಿಸಲಿಲ್ಲ. ಶ್ರಮಪಟ್ಟರೆ ಸಣ್ಣವರೂ ಸ್ವರ್ಗ ಪಡೆಯಬಹುದು ಅಂತ ಮುಂದಿನ ಮಾತಿನಲ್ಲೇ ಬಿಡಿಸಿ ಹೇಳಿದ. ಕಲ್ಲಿನ ಮೇಲೆ ಉಳಿಯಿಂದ ಒಂದೊಂದೇ ಅಕ್ಷರ ಕೆತ್ತಬೇಕಾಗಿದ್ದ ಕಾಲದಲ್ಲೂ ಅವನು ಆ ಒಂದು ವಾಕ್ಯದ ಜಿಪುಣತನ ಮಾಡಲಿಲ್ಲ. ನಾವು ಕಂಪ್ಯೂಟರ್ ಮೇಲೆ ಬೆರಳಾಡಿಸುವವರು ಮಾಡುತ್ತೇವೆ.

ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಗೊಂದಲ ಹುಟ್ಟುವುದು ಅಲ್ಲೇ: ಎರಡು ಸಂಗತಿಗೆ ಒಂದೇ ನಿಷೇಧ ಹಂಚಿ ಉಳಿತಾಯ ಮಾಡಲು ಹೋದಾಗ. ಆದ್ದರಿಂದ ಸುತ್ತೋಲೆ ಬರೆಯುವ ಸಾಹೇಬರಲ್ಲಿ, ಕರಾರು ಬರೆಯುವ ವಕೀಲರಲ್ಲಿ, ಪ್ರಶ್ನೆಪತ್ರಿಕೆ ತಿರುಗಿಸುವ ಪಂಡಿತರಲ್ಲಿ ಒಂದು ಅರಿಕೆ. ಇಂಗ್ಲಿಷಿನಲ್ಲಿ ಬರೆದರೆ ‘ನೈದರ್-ನಾರ್’ ಜೋಡೆತ್ತನ್ನು ಹೊರಗೆ ತನ್ನಿ. ಕನ್ನಡದಲ್ಲಿ ಬರೆದರೆ ‘ಊ’ ಎಲ್ಲಿ, ‘ಓ’ ಎಲ್ಲಿ ಅಂತ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ಯಾವುದು ಬೇಡವೋ ಅದಕ್ಕೆ ಅದರದೇ ಒಂದು ‘ಇಲ್ಲ’ ಕೊಡಿ, ಯಾವುದು ನಡೆಯುತ್ತದೋ ಅದನ್ನು ಪಕ್ಕದಲ್ಲೇ ಹೇಳಿಬಿಡಿ. ‘ಇಲ್ಲ’ದ ಮೇಲೆ ಇನ್ನೂ ಜಿಎಸ್‌ಟಿ ಬಿದ್ದಿಲ್ಲ, ಬೀಳುವವರೆಗಾದರೂ ಕೈಬಿಚ್ಚಿ ಖರ್ಚು ಮಾಡಿ.